ಅಕ್ಕನ ಮೀನು

ಬೀದಿಯವರ ಪಾಲಿಗೆ ಅವಳು ಮೀನು ಡಾಕ್ಟರಮ್ಮ. ಯಾರ ಮನೆಯ ಗಾಜಿನ ತೊಟ್ಟಿಯಲ್ಲಿ ಮೀನು ಮಗುಚಿಕೊಂಡರೂ ಬಕೆಟ್ ಹಿಡಿದು ಇವಳ ಬಾಗಿಲು ಬಡಿಯುತ್ತಿದ್ದರು. ತನಗೆ ಗೊತ್ತಿರುವುದು ಮೀನಿನ ಹೆಸರೇ ಹೊರತು ಔಷಧಿಯಲ್ಲ ಎಂದು ಹೇಳಿ ಹೇಳಿ ಅವಳಿಗೂ ಸಾಕಾಗಿತ್ತು. ವಸ್ತುಸಂಗ್ರಹಾಲಯದ ಹಿಂಬದಿಯ ಕೋಣೆಯಲ್ಲಿ ಕೂತು, ಕಾಡಿನ ಹೊಳೆಗಳಿಂದ ಬಂದ ಮೀನುಗಳ ಹುರುಪೆ ಎಣಿಸಿ, ರೆಕ್ಕೆ ಅಳೆದು, ಇದು ಈವರೆಗೆ ಯಾರೂ ಗುರುತಿಸದ ಪ್ರಭೇದವೋ ಅಲ್ಲವೋ ಎಂದು ತೀರ್ಮಾನಿಸುವುದು ಅವಳ ಕೆಲಸ. ಹೊಸದಾದರೆ ಹೆಸರಿಡುವ ಹಕ್ಕೂ ಅವಳದೇ.

ಆ ಹಕ್ಕನ್ನು ಅವಳು ಮೊದಲ ಸಲ ಬಳಸಿದ್ದು ಅಕ್ಕನಿಗಾಗಿ. ಅಪ್ಪ ಅಮ್ಮ ಬೇಗ ತೀರಿಹೋದ ಮನೆಯಲ್ಲಿ, ತನ್ನ ಓದು ಬಿಟ್ಟು ಹೊಲಿಗೆ ಯಂತ್ರದ ಮುಂದೆ ಕೂತು ತಂಗಿಯನ್ನು ಓದಿಸಿದವಳು ಅಕ್ಕ. ಬೆರಳುದ್ದದ, ಕೆಸರುಬಣ್ಣದ, ಗುಂಡುಹೊಟ್ಟೆಯ ಒಂದು ಮೀನಿಗೆ ತಂಗಿ ಅವಳ ಹೆಸರಿಟ್ಟಳು. ಅಕ್ಕ ಅದರ ಚಿತ್ರಕ್ಕೆ ಕಟ್ಟು ಹಾಕಿಸಿ ತನ್ನ ಅಂಗಡಿಯ ಗೋಡೆಗೆ ತೂಗುಹಾಕಿದಳು. ಅಳತೆ ಕೊಡಲು ಕೈಯೆತ್ತಿ ನಿಂತವರು ತಪ್ಪಿಸಿಕೊಳ್ಳುವಂತಿರಲಿಲ್ಲ. ಟೇಪು ಸುತ್ತಿ ಹಿಡಿದುಕೊಂಡೇ ಅಕ್ಕ ಶುರುಮಾಡುತ್ತಿದ್ದಳು. "ಎಂಥಾ ಪಂಡಿತ ಈ ಮೀನು ಹಿಡಿದ್ರೂ ನನ್ನ ಹೆಸರು ಹೇಳದೆ ಗತಿಯಿಲ್ಲ."

ಹೀಗಿರುವಾಗ ತಂಗಿಯ ಕೋಣೆಯಲ್ಲಿ ಒಂದು ತೊಟ್ಟಿ ಸೋರಿತು. ಅದರಲ್ಲಿದ್ದ ಅಕ್ಕನ ಮೀನುಗಳನ್ನು ಸದ್ಯಕ್ಕೆ ಇರಲಿ ಎಂದು ಪಕ್ಕದ ತೊಟ್ಟಿಗೆ ಬಿಟ್ಟಳು. ಅಲ್ಲಿದ್ದದ್ದು ಕೆಂಪು ರೆಕ್ಕೆಯ, ಠಾಕುಠೀಕಿನ ಇನ್ನೊಂದು ಮೀನು. ಬಹಳ ಹಿಂದೆಯೇ ಅವಳ ಮೇಷ್ಟ್ರ ಹೆಸರು ಪಡೆದದ್ದು. ಮೇಷ್ಟ್ರೋ, ಮದುವೆಯ ಮಾತೆತ್ತಿದರೆ ಸಿಡಿಮಿಡಿಗುಟ್ಟುವ ಬ್ರಹ್ಮಚಾರಿ. ಕೆಲವೇ ದಿನಗಳಲ್ಲಿ ತೊಟ್ಟಿಯ ತುಂಬ ಮರಿಗಳು. ಬೆಳೆದಂತೆ ಅವುಗಳಲ್ಲಿ ಗಂಡೆಲ್ಲ ಕೆಂಪಾದವು, ಹೆಣ್ಣೆಲ್ಲ ಕೆಸರುಬಣ್ಣಕ್ಕೆ ತಿರುಗಿದವು. ಎರಡು ಪ್ರಭೇದವೂ ಇಲ್ಲ, ಮಣ್ಣೂ ಇಲ್ಲ; ಅವು ಗಂಡ ಹೆಂಡತಿ.

ತಂಗಿಗೆ ಮೊದಲು ನಗು ಬಂತು, ಆಮೇಲೆ ಜೀವವೇ ಹಾರಿದಂತಾಯಿತು. ಹೊಳೆಯಲ್ಲಿ ಹೆಣ್ಣುಗಳು ಹುಲ್ಲಂಚಿನ ನಿಂತ ನೀರಿನಲ್ಲಿ, ಗಂಡುಗಳು ಹರಿವಿನ ಕಲ್ಲುಗಳ ನಡುವೆ ಇರುತ್ತಿದ್ದವು. ಒಟ್ಟಿಗೆ ಯಾರ ಬಲೆಗೂ ಬಿದ್ದಿರಲಿಲ್ಲ. ಹೆಸರಿಟ್ಟಾಗ ಅವಳ ಕೈಗೆ ಸಿಕ್ಕಿದ್ದು ಮೂರೇ ಮೀನು. ಹೊಟ್ಟೆ ಕೊಯ್ದಿದ್ದರೆ ಮೂರೂ ಹೆಣ್ಣೆಂದು ತಿಳಿಯುತ್ತಿತ್ತು. ಆದರೆ ಅಕ್ಕನ ಹೆಸರಿಡಬೇಕಾದ ಮೀನಿಗೆ ಕತ್ತರಿ ಹಾಕಲು ಮನಸ್ಸು ಬಂದಿರಲಿಲ್ಲ.

ಒಂದೇ ಪ್ರಭೇದಕ್ಕೆ ಎರಡು ಹೆಸರು ಬಿದ್ದರೆ ಹಳೆಯದು ಉಳಿಯಬೇಕು, ಹೊಸದು ಹೋಗಬೇಕು. ಹೋಗಬೇಕಾದದ್ದು ಅಕ್ಕನ ಹೆಸರು. ಸಂಜೆ ಅಂಗಡಿಗೆ ಹೋಗಿ ಹೇಳಿದಳು.

"ಅಕ್ಕಾ, ನಿನ್ನ ಮೀನು ಬೇರೆ ಮೀನೇ ಅಲ್ಲ. ಮೇಷ್ಟ್ರ ಮೀನಿನ ಹೆಂಡತಿ."

ಅಕ್ಕ ಯಂತ್ರ ನಿಲ್ಲಿಸಿದಳು. "ಆ ಸಿಡುಕ ಮೇಷ್ಟ್ರಾ? ಅವರಿಗೆ ಗಂಟು ಹಾಕೋಕೆ ನಿನಗೆ ನಾನೇ ಸಿಕ್ಕಿದ್ನಾ?"

ತಂಗಿ ನಗಲಿಲ್ಲ. ಹೆಸರು ಹೋಗುವ ವಿಷಯವನ್ನೂ ಹೇಳಿದಳು. ಅಕ್ಕ ಗೋಡೆಯ ಚಿತ್ರದ ಕಡೆಗೆ ಸ್ವಲ್ಪ ಹೊತ್ತು ನೋಡಿದಳು. ಅವಳ ಮುಖ ಬಾಡಿದ್ದು ತಂಗಿಗೆ ಕಂಡಿತು.

"ಬೇರೆ ಯಾರಿಗೆ ಗೊತ್ತು?"

"ಯಾರಿಗೂ ಗೊತ್ತಿಲ್ಲ. ನೀನು ಬೇಡ ಅಂದ್ರೆ ನಾನೂ ಸುಮ್ಮನಿರ್ತೀನಿ."

"ಅಳತೆ ತಪ್ಪಿದೆ ಅಂತ ಗೊತ್ತಾದ್ಮೇಲೂ ಬಟ್ಟೆ ಕೊಟ್ಟು ಕಳಿಸ್ತೀನೇನೇ ನಾನು? ಬಿಚ್ಚಿ ಹೊಲೀತೀನಿ. ನೀನೂ ಬಿಚ್ಚು."

ತಂಗಿ ಬಿಚ್ಚಿದಳು. ತನ್ನ ತಪ್ಪನ್ನು ತಾನೇ ಬರೆದು ಪ್ರಕಟಿಸಿದಳು. ಆಮೇಲೆ ಬಹಳ ದಿನ ಆ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಖಾಲಿ ಗೋಡೆ ನೋಡುವ ಧೈರ್ಯ ಅವಳಿಗಿರಲಿಲ್ಲ.

ಕೊನೆಗೆ ಹೋದಾಗ ಚಿತ್ರ ಇದ್ದಲ್ಲೇ ಇತ್ತು. ದಢೂತಿ ಯಜಮಾನರೊಬ್ಬರು ಕೈಯೆತ್ತಿ ನಿಂತಿದ್ದರು. ಅಕ್ಕ ಅವರ ಎದೆಗೆ ಟೇಪು ಸುತ್ತುತ್ತಾ ಹೇಳುತ್ತಿದ್ದಳು. "ಆ ಮೀನಿಗೆ ನನ್ನ ಹೆಸರಿತ್ತು. ಈಗಿಲ್ಲ. ತಪ್ಪಾಗಿತ್ತು ನೋಡಿ. ಅಷ್ಟು ಜನ ಪಂಡಿತರಿಗೆ ಒಬ್ಬರಿಗೂ ಕಾಣಿಸಲಿಲ್ಲ. ನನ್ನ ತಂಗಿಗೆ ಕಾಣಿಸ್ತು."

ತಂಗಿ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು.

"ತಪ್ಪು ಮಾಡಿದ್ದು ಯಾರಮ್ಮ?" ಯಜಮಾನರು ಕೇಳಿದರು.

"ಅದೂ ಅವಳೇ," ಎಂದಳು ಅಕ್ಕ, ಅಷ್ಟೇ ಹೆಮ್ಮೆಯಿಂದ. "ಕೈ ಇಳಿಸಬೇಡಿ, ಕಥೆ ಇನ್ನೂ ಇದೆ."