ಹಾಡಷ್ಟೇ ಉಳಿದಿದ್ದ ಕಂಡಕ್ಟರ್ ಮಾಮ

ಕಂಡಕ್ಟರ್ ಮಾಮನ ಗಂಟಲಮಣಿ ಗೋಟಡಿಕೆಯಷ್ಟು ದೊಡ್ಡದು. ಹಾಡು ಬರುವ ಮುಂಚೆ ಅದು ಒಮ್ಮೆ ಮೇಲೇರಿ ಕೆಳಗಿಳಿಯುತ್ತಿತ್ತು. ಕೊಟ್ಟೂರಿನಿಂದ ಹರಪನಹಳ್ಳಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸರು ಅದನ್ನು ಕಂಡಕೂಡಲೇ ನಗು ಮುಚ್ಚಲು ಬಾಯಿಗೆ ಸೆರಗು ಹಿಡಿಯುತ್ತಿದ್ದರು.

ಅವನದು ನಮ್ಮ ಮಗ್ಗಲ ಮನೆ. ಪಿಯುಸಿ ಮುಗಿದಮೇಲೆ ನನ್ನನ್ನು ಓದು ಬಿಡಿಸಬೇಕೆಂದು ಅಪ್ಪ ನಿಶ್ಚಯಿಸಿದಾಗ ಅವನೇ ಬಂದು ನಮ್ಮ ಕಟ್ಟೆಯ ಮೇಲೆ ಕೂತ. "ಓದೋ ಹುಡುಗೀನ ಮನ್ಯಾಗ ಕುಂಡ್ರಿಸಬ್ಯಾಡ್ರಿ. ನನ್ನ ಬಸ್ಸಿನಾಗ ಹೋಗ್ತಾಳ, ನನ್ನ ಬಸ್ಸಿನಾಗ ಬರ್ತಾಳ" ಅಂದ. ಅಪ್ಪ ಒಪ್ಪಿದ. ಮೂರು ವರ್ಷ ಹಾಗೇ ಹರಪನಹಳ್ಳಿಯ ಕಾಲೇಜಿಗೆ ಹೋಗಿಬಂದೆ. ಇವತ್ತು ಕಾಲೇಜೊಂದರ ಲೈಬ್ರರಿಯಲ್ಲಿ ನನಗೊಂದು ಕುರ್ಚಿ ಇದ್ದರೆ ಅದು ಆ ಮಾತಿನಿಂದ.

ಮಾಮನಿಗೆ ಇದ್ದದ್ದು ಒಂದೇ ಹುಚ್ಚು, 'ಸೋಡಾ ಸುಬ್ಬಿ' ಎಂಬ ಕಂಪನಿ ನಾಟಕ. ಬಸ್ ಸ್ಟ್ಯಾಂಡಿನಲ್ಲಿ ಗೋಲಿ ಸೋಡಾ ಮಾರುವವಳೊಬ್ಬಳು ಗೌಡನಿಂದ ಹಿಡಿದು ಪೊಲೀಸಿನವರೆಗೆ ಎಲ್ಲರ ಮಾನ ಕಳೆಯುವ ಕಥೆ. ಮಾತುಮಾತಿಗೂ ಎರಡರ್ಥ, ನಡುನಡುವೆ ಕುಣಿತ. ಮರ್ಯಾದಸ್ಥರು ನೋಡಬಾರದೆನ್ನುತ್ತಲೇ ಎಲ್ಲರೂ ನೋಡಿದ್ದರು. ಡೇರೆ ಕೊಟ್ಟೂರಿನಲ್ಲಿ ಬೀಳಲಿ, ಹಡಗಲಿಯಲ್ಲಿ ಬೀಳಲಿ, ಮಾಮ ಅತ್ತಲೇ ಡ್ಯೂಟಿ ಹಾಕಿಸಿಕೊಂಡು ಹೋಗಿ ಹಾರ್ಮೋನಿಯಂ ಪಕ್ಕದಲ್ಲಿ ಕೂರುತ್ತಿದ್ದ.

ನೋಡಿದ್ದನ್ನೇ ಯಾಕೆ ನೋಡುತ್ತಿ ಎಂದು ಒಮ್ಮೆ ಕೇಳಿದ್ದೆ. "ಸುಬ್ಬಿ ಯಾರಿಗೂ ಅಂಜಂಗಿಲ್ಲವ್ವ. ನಾನು ಎದ್ದರ ಚೆಕಿಂಗ್‌ನವ್ರಿಗೆ ಅಂಜ್ತೀನಿ, ಡಿಪೋದವ್ರಿಗೆ ಅಂಜ್ತೀನಿ. ಅಲ್ಲಿ ಮೂರು ತಾಸು ಅಂಜದಂಗ ಕುಂತು ಬರ್ತೀನಿ."

ಹಡಗಲಿಯಲ್ಲಿ ಒಂದು ಭಾನುವಾರ ಮಧ್ಯಾಹ್ನದ ಆಟಕ್ಕೆ ಸುಬ್ಬಿಯ ಪಾತ್ರದವಳ ದನಿ ಕಟ್ಟಿತು. ಜನ ಸಿಳ್ಳೆ ಹೊಡೆದು ಗಲಾಟೆ ಎಬ್ಬಿಸಿದರು. ಮಾಮ ಖಾಕಿ ಅಂಗಿಯಲ್ಲೇ ಎದ್ದು ನಿಂತು "ಗೋಲಿ ಒತ್ತಬ್ಯಾಡೋ ಮಾವಾ, ಗ್ಯಾಸು ತುಂಬೈತಿ" ಎಂದು ಹೆಣ್ಣುದನಿಯಲ್ಲಿ ಎತ್ತಿದ. ಅವಳು ಬಾಯಾಡಿಸುತ್ತ ಕುಣಿದಳು. ಆಟ ಉಳಿಯಿತು. ಸುದ್ದಿ ಕೊಟ್ಟೂರು ಮುಟ್ಟಿದಾಗ ಅವನ ಹೆಂಡತಿ, ನಾವು ಅತ್ತಿ ಅನ್ನುತ್ತಿದ್ದವಳು, ಎಂಟು ದಿನ ಅವನ ಸಂಗಡ ಮಾತು ಬಿಟ್ಟಳು. ಆ ನಾಟಕವನ್ನು ಅವಳು ಒಮ್ಮೆಯೂ ನೋಡಿರಲಿಲ್ಲ.

ನಿವೃತ್ತಿಯಾದ ಮರುವರ್ಷ ಮಾಮನಿಗೆ ಲಕ್ವಾ ಹೊಡೆಯಿತು. ಬಲಗೈ ಬಲಗಾಲು ಬಿದ್ದವು, ಮಾತು ಪೂರ್ತಿ ಹೋಯಿತು. ಹದಿನೈದು ದಿನ ಕಳೆದಮೇಲೆ ಒಂದು ಬೆಳಿಗ್ಗೆ ಗೋಲಿ ಹಾಡು ಅಕ್ಷರ ತಪ್ಪದೆ ಹೊರಬಂತು. ಮಿದುಳಿನಲ್ಲಿ ಮಾತಿನ ಜಾಗ ಬೇರೆ, ಹಾಡಿನ ಜಾಗ ಬೇರೆ, ಮಾತಿನದು ಸತ್ತಿದೆ ಎಂದರು ಡಾಕ್ಟರು. ಅವತ್ತಿನಿಂದ ಅವನು ಏನು ಹೇಳಹೋದರೂ ಬರುತ್ತಿದ್ದದ್ದು ಆ ನಾಟಕದ ಹಾಡೇ. ಅಯ್ನೋರು ವಿಭೂತಿ ಹಚ್ಚಿದರೂ ಅದೇ, ನೆಂಟರು ಕಣ್ಣೀರು ಹಾಕಿದರೂ ಅದೇ. ಕೆಲವರು ನಗು ತಡೆಯಲಾರದೆ ಎದ್ದು ಹೊರಗೆ ಹೋಗುತ್ತಿದ್ದರು. ಅದು ಮಾಮನಿಗೆ ಕಾಣುತ್ತಿತ್ತು. ಬುದ್ಧಿ ನೆಟ್ಟಗೇ ಇತ್ತು, ಕಷ್ಟವೆಲ್ಲ ಅದರಿಂದಲೇ.

ಆ ಹಾಡುಗಳ ಅರ್ಥ ಕಲಿತವಳು ಅತ್ತಿ ಒಬ್ಬಳೇ. ಗೋಲಿ ಹಾಡು ನಿಧಾನಕ್ಕೆ ಬಂದರೆ ನೀರು, ಅವಸರದಲ್ಲಿ ಬಂದರೆ ಬಚ್ಚಲು. ಉಂಡಾಡಿ ಅಳಿಯನನ್ನು ಬೈಯುವ ಹಾಡು ಬಂದರೆ ಹಸಿವು. ಒಮ್ಮೆ ನಾನಿದ್ದಾಗ ಮಾಮ ಏನೋ ಎತ್ತಿದ, ಅತ್ತಿಯ ಮುಖ ಕೆಂಪಗಾಯಿತು. ಏನೆಂದು ಕೇಳಿದೆ. "ನಿನಗ್ಯಾಕ ಅದು. ಗಂಡ ಹೆಂಡ್ತಿ ಮಾತು" ಅಂದಳು.

ನಾಲ್ಕು ವರ್ಷ ಹೀಗೆ ನಡೆಯಿತು. ಒಂದು ಮುಂಜಾನೆ ಅವನ ಸ್ನಾನಕ್ಕೆ ನೀರು ಕಾಯಿಸುತ್ತಿದ್ದ ಅತ್ತಿ ಒಲೆಯ ಮುಂದೆಯೇ ಕುಸಿದು ತೀರಿಕೊಂಡಳು. ಹೆಣವನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಮಾಮನನ್ನು ಕುರ್ಚಿ ಸಮೇತ ಎತ್ತಿ ತಂದು ಎದುರಿಗೆ ಇಟ್ಟಾಗ ಅಳುವ ಬದಲು ಗೋಲಿ ಹಾಡೇ ಬಂತು. ಭಜನೆಯವರು ತಾಳ ನಿಲ್ಲಿಸಿದರು. ಹೊರಗೆ ಒಯ್ಯಿರಿ ಎಂದು ಯಾರೋ ಗದರಿದರು. ಮಗ ತಲೆ ತಗ್ಗಿಸಿ ಕುರ್ಚಿ ಎಳೆದುಕೊಂಡು ಹೋದ.

ಮಗನಿಗೆ ಹಗರಿಬೊಮ್ಮನಹಳ್ಳಿಯಲ್ಲಿ ಹಾರ್ಡ್‌ವೇರ್ ಅಂಗಡಿ. ಅಪ್ಪನನ್ನು ಅಲ್ಲಿಗೆ ಕರೆದೊಯ್ದು ಮನೆಯ ಹಿಂದಿನ ತಗಡಿನ ಕೋಣೆಯಲ್ಲಿಟ್ಟ. ತಿಂಗಳ ಮೇಲೆ ನಾನು ನೋಡಲು ಹೋದೆ. ಮಾಮ ಎಡಗೈಯಿಂದ ನನ್ನ ಮುಂಗೈ ಹಿಡಿದು ಒಂದೇ ಸಾಲು ಹಾಡತೊಡಗಿದ: "ಬಾಟ್ಲಿ ಎಣಿಸೇ ಸುಬ್ಬಿ, ಒಂದು ಕಮ್ಮಿ ಆಗೈತಿ." ನೀರು ತಂದೆ, ತಳ್ಳಿದ. ಅನ್ನ ತಂದೆ, ತಳ್ಳಿದ. ಮತ್ತೆ ಅದೇ ಸಾಲು, ಇನ್ನೂ ಜೋರಾಗಿ. ಒಳಗೆ ಸೊಸೆ ಟಿವಿ ಸದ್ದು ಏರಿಸಿದಳು. ಬಸ್ಸಿಗೆ ಹೊತ್ತಾಯಿತೆಂದು ಸುಳ್ಳು ಹೇಳಿ ಕೈ ಬಿಡಿಸಿಕೊಂಡು ಬಂದೆ.

ಬಸ್ಸು ಕೊಟ್ಟೂರು ಸಮೀಪಿಸಿದಾಗ ಹೊಳೆಯಿತು. ಅವನು ಅತ್ತಿಯ ಮಾತು ಎತ್ತಿದ್ದ. ಒಬ್ಬಳು ಕಮ್ಮಿಯಾಗಿದ್ದಾಳೆ ಎಂಬುದಕ್ಕೆ ಯಾರಾದರೂ ಹೌದೆನ್ನಲಿ ಅಂತ ಕಾದಿದ್ದ. ಬರುವ ವಾರ ಹೋಗಿ ಕೂತು ಅತ್ತಿಯ ಮಾತಾಡಬೇಕು ಅಂದುಕೊಂಡೆ. ಲೈಬ್ರರಿಯ ಪುಸ್ತಕ ತಪಾಸಣೆ ಬಂತು, ಪರೀಕ್ಷೆ ಬಂತು. ಎರಡು ತಿಂಗಳು ಹೋಗಲಿಲ್ಲ.

ಆಮೇಲೆ ಹೋದದ್ದು ಮಾಮನ ಮಣ್ಣಿಗೆ. ಗುಂಡಿಯ ಹತ್ತಿರ ಮಗ ನನ್ನನ್ನು ಪಕ್ಕಕ್ಕೆ ಕರೆದ. ತನ್ನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದಾಗ ಹಿಂದಿನ ಕೋಣೆಯಿಂದ ಹಾಡು ಶುರುವಾಯಿತಂತೆ. "ಹೋಗಿ ಬಾಯಿ ಮುಚ್ಚಿ ಹಿಡದೆನಕ್ಕ" ಅಂದ ತನ್ನ ಅಂಗೈ ನೋಡಿಕೊಳ್ಳುತ್ತ. "ಕೈ ತಗದ ಮ್ಯಾಲ ಅಪ್ಪ ಮತ್ತ ಹಾಡಲೇ ಇಲ್ಲ. ನೀರು ಬೇಕಾದ್ರೂ ಹಾಡಲಿಲ್ಲ. ಸಾಯೋತನಕ, ಹನ್ನೊಂದು ದಿನ. ನೀನರ ಬೈಯಕ್ಕ ನನ್ನ."

ಅವನು ತಾನೇನು ಮಾಡುತ್ತಿದ್ದೇನೆಂದು ತಿಳಿಯದೆ ಮಾಡಿದ್ದ. ನಾನು ತಿಳಿದೂ ಹೋಗದೆ ಉಳಿದವಳು. ಒಂದು ಹಿಡಿ ಮಣ್ಣು ಹಾಕಿ, ಹಿಂದೆ ನಿಂತವರಿಗೆ ದಾರಿ ಬಿಟ್ಟೆ.