ಕುಪವಾಡಕ್ಕೆ ಬಂದ ಹಡಗು

ಅಳೆದು ನೋಡದೆ ಯಾವುದನ್ನೂ ನಂಬಬಾರದು ಎಂದು ವಾದಿಸುತ್ತಿದ್ದವನು ನಾನು. ಮಾಧವನಗರದ ನಮ್ಮ ಕೂಲಿ ಮನೆತನದಲ್ಲಿ ಇಂಜಿನಿಯರಿಂಗ್ ಮುಗಿಸಿದ ಮೊದಲಿಗ. ಆ ಡಿಗ್ರಿ ಯಾರೂ ದಾನ ಕೊಟ್ಟದ್ದಲ್ಲ. ಅದಕ್ಕೇ ಈ ಸಂಗತಿ ಹೇಳಲು ಇಷ್ಟು ವರ್ಷ ಬೇಕಾಯಿತು. ನಗುವವರು ನಗಲಿ.

ಆಗ ಸಮುದ್ರದಿಂದ ಬಹುದೂರದ ಕುಪವಾಡದಲ್ಲಿ, ಎಂಐಡಿಸಿ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಯೊಂದರಲ್ಲಿ ತಯಾರಾದ ಮಾಲನ್ನು ಪರೀಕ್ಷಿಸುವುದು ನನ್ನ ಕೆಲಸ. ದಂಡೆಯ ಹತ್ತಿರ, ಆಳವಿಲ್ಲದ ನೀರಿನಲ್ಲೂ ಓಡಾಡುವ ಹೊಸ ಯುದ್ಧನೌಕೆಗೆ ಸಮುದ್ರದ ನೀರು ತಡೆಯುವ ಕಂಚಿನ ವಾಲ್ವುಗಳನ್ನು ಮಾಡಿದ್ದೆವು. ಎಲ್ಲವೂ ಪಾಸಾಗಿದ್ದವು. ಕೊನೆಯದೊಂದಕ್ಕೆ ನನ್ನ ಗುರುತಿನ ಪಂಚ್ ಹೊಡೆಯುವುದಷ್ಟೇ ಬಾಕಿ. ಆ ಗುರುತು ಬಿತ್ತೆಂದರೆ ಹಡಗಿನವರ ಜೀವಕ್ಕೆ ನಾನು ಜಾಮೀನು.

ಅಂದು ಖಂಡೆ ಪೂಜೆ, ದಸರೆಯ ಆಯುಧಪೂಜೆ. ಲೇಥುಗಳಿಗೆ ಚೆಂಡುಹೂ ಕಟ್ಟಿ, ಪಂಚು, ಸುತ್ತಿಗೆಗಳಿಗೆಲ್ಲ ಕುಂಕುಮ ಹಚ್ಚಿ ಸಾಲಾಗಿ ಇಟ್ಟಿದ್ದರು. ಮರುದಿನದವರೆಗೆ ಮುಟ್ಟುವಂತಿಲ್ಲ. ಆದರೆ ಸಂಜೆಗೆ ಮಾಲು ಒಯ್ಯುವ ಗಾಡಿ ಬರುವುದಿತ್ತು.

"ಒಂದ ಏಟ ಹೊಡದ ಬಿಡ್ರಿ ಸಾಹೇಬ್ರ. ದೇವಿ ಏನ ಬಂದ ತಪಾಸಣಿ ಮಾಡ್ತಾಳೇನ?" ಎಂದು ನಕ್ಕು ಮಾಲೀಕರು ಊಟಕ್ಕೆ ಹೋದರು.

ಪ್ರಸಾದಕ್ಕೆಂದು ಬಂದಿದ್ದ ನನ್ನ ಅವ್ವ ಕೇಳಿಸಿಕೊಂಡಳು. "ಪೂಜಿಗಿಟ್ಟ ಹತ್ಯಾರ ಎತ್ತಬ್ಯಾಡೋ."

"ಕಬ್ಬಿಣಕ್ಕ ಹಬ್ಬ ತಿಳೀತದೇನಬೇ?"

"ಕಬ್ಬಿಣಕ್ಕಲ್ಲೋ ಶಾಣ್ಯಾ, ನಿನಗ ತಿಳೀಬೇಕು."

ಪಂಚ್ ಎತ್ತಿ ವಾಲ್ವಿನ ಮೇಲಿಟ್ಟೆ. ಮಟಮಟ ಮಧ್ಯಾಹ್ನ. ರಸ್ತೆಯ ಸದ್ದು ಮೆಲ್ಲಗೆ ಅಡಗಿತು. ಸಿಮೆಂಟಿನ ನೆಲ ತಿಳಿಹಸಿರಾಗಿ ಅಲುಗಿತು, ಉದುರಿದ ಚೆಂಡುಹೂಗಳು ತೇಲಿದವು. ಮೊಣಕಾಲುದ್ದದ ಆ ನೀರಿನಲ್ಲಿ, ಲೇಥುಗಳ ನಡುವೆ, ಬೂದುಬಣ್ಣದ ಹಡಗೊಂದು ಸಪ್ಪಳವಿಲ್ಲದೆ ಹಾದುಹೋಯಿತು. ಭಯವಾಗಲಿಲ್ಲ. ಯಾರೋ ತೊಟ್ಟಿಲು ತೂಗಿದಂತಿತ್ತು. ಅಷ್ಟರಲ್ಲಿ ವಾಲ್ವಿನ ಬಾಯಿಂದ ನೀರು ಜಿನುಗಿ ನನ್ನ ಬೆರಳಿಗೆ ತಾಗಿತು.

ಅವ್ವ ಕೈ ಹಿಡಿದು ಜಗ್ಗಿದಾಗ ಹಡಗೂ ಇಲ್ಲ, ನೀರೂ ಇಲ್ಲ. ಅವಳಿಗೆ ಅದಾವುದೂ ಕಂಡಿರಲಿಲ್ಲ. ನನ್ನ ಬೆರಳು ಮಾತ್ರ ತೊಯ್ದಿತ್ತು. ಅದನ್ನು ಮುಟ್ಟಿ ನಾಲಿಗೆಗೆ ಹಚ್ಚಿಕೊಂಡು, "ಉಪ್ಪೈತಲ್ಲೋ!" ಅಂದಳು.

ಬೆವರಿರಬೇಕು ಎನ್ನುತ್ತೀರಿ. ನಾನೂ ಹಾಗೇ ಅಂದುಕೊಂಡೆ. ಆದರೂ ಗುರುತು ಹೊಡೆಯಲು ಕೈ ಏಳಲಿಲ್ಲ. ಆ ವಾಲ್ವನ್ನು ಬಿಟ್ಟೇ ಗಾಡಿ ಹೋಯಿತು. ಮಾಲೀಕರಿಂದ ಬೈಸಿಕೊಂಡೆ.

ಮರುದಿನ ಅದಕ್ಕೆ ನೀರು ತುಂಬಿ, ಬೇಕಾದ್ದಕ್ಕಿಂತ ಹೆಚ್ಚು ಒತ್ತಡ ಕೊಟ್ಟು ನೋಡಿದೆ. ಒಂದು ಹನಿ ಸೋರಲಿಲ್ಲ. ತಡೆಹಿಡಿಯಲು ಇನ್ನು ಯಾವ ಕಾರಣ ಹೇಳಲಿ? ಗುರುತು ಹೊಡೆದೆ.

ಆ ವಾಲ್ವು ಹೊತ್ತ ಹಡಗು ಈಗ ಯಾವುದೋ ದಂಡೆಯಲ್ಲಿದೆ. ಖಂಡೆ ಪೂಜೆ ಬಂದಾಗಲೆಲ್ಲ ಅವ್ವ ಕೇಳುತ್ತಾಳೆ, "ನಿನ್ನ ಹಡಗ ಆರಾಮ ಐತೇನೋ?"

"ಐತಬೇ," ಎನ್ನುತ್ತೇನೆ. ಅನ್ನುವಾಗ ಬೆರಳನ್ನೊಮ್ಮೆ ಅಂಗಿಗೆ ಒರೆಸಿಕೊಳ್ಳುತ್ತೇನೆ.