ಒಂಬತ್ತು ಸೆಕೆಂಡಿನ ಖಾಲಿ ಹರಗೋಲು

ಮಲಪ್ರಭೆ ಉಕ್ಕಿ ರೋಣದ ಕಡೆಯ ಹೊಳೆದಂಡೆಯ ಊರುಗಳಿಗೆ ನುಗ್ಗಿದ ವರ್ಷ, ನನಗೆ ಸಾಕ್ಷ್ಯಚಿತ್ರ ನಿರ್ದೇಶನದಲ್ಲಿ ಹದಿನೆಂಟು ವರ್ಷ ತುಂಬಿತ್ತು. ಕೆಲಸ ಬರುತ್ತದೆಂಬ ಧಿಮಾಕು ಹತ್ತುವುದಕ್ಕೆ ಅಷ್ಟು ಸಾಕು. ಹೊಳೆಮಣ್ಣೂರಿನ ನೆರೆಯ ಕುರಿತು ಇಪ್ಪತ್ತಾರು ನಿಮಿಷದ ಚಿತ್ರ ಮಾಡಲು ಒಂದು ಸಂಸ್ಥೆ ನನಗೆ ಒಪ್ಪಿಸಿತ್ತು. ನಾನು ಆರಿಸಿಕೊಂಡದ್ದು ‘ಅಬ್ಸರ್ವೇಷನಲ್’ ಶೈಲಿ. ಅಂದರೆ ಹಿನ್ನೆಲೆಯಲ್ಲಿ ಯಾರೂ ವಿವರಣೆ ಕೊಡುವುದಿಲ್ಲ. ಕ್ಯಾಮೆರಾ ಸುಮ್ಮನೆ ನೋಡುತ್ತದೆ. ಅರ್ಥ ಮಾಡಿಕೊಳ್ಳುವುದು ನೋಡುವವರಿಗೆ ಬಿಟ್ಟದ್ದು.

ನೀರು ಏರಿದ ದಿನ ನಾವು ಊರ ದಿಬ್ಬದ ಮೇಲಿದ್ದೆವು. ಹರಗೋಲು ನಡೆಸುವ ಯಲ್ಲಪ್ಪ ಬೆಳಗಿನಿಂದ ಜನರನ್ನು ದಾಟಿಸಿ ದೂರದ ಶಾಲೆಗೆ ಕಳಿಸುತ್ತಿದ್ದ. ಕೊನೆಗೆ ಉಳಿದವರು ರುದ್ರಪ್ಪಜ್ಜ. ಮಾಳಿಗೆಯ ಮೇಲೆ ನಿಂತು ಧೋತರ ಬೀಸುತ್ತಿದ್ದರು. ಅಷ್ಟನ್ನು ಚಿತ್ರಿಸುವಷ್ಟರಲ್ಲಿ ಮಳೆನೀರು ಹೊಕ್ಕು ಕ್ಯಾಮೆರಾ ನಿಂತಿತು. ಮುಂದಿನದನ್ನು ಕಂಡದ್ದು ನನ್ನ ಕಣ್ಣು. ಯಲ್ಲಪ್ಪ ಅಜ್ಜನತ್ತ ಹೋದ. ಸೆಳವು ಹರಗೋಲನ್ನು ಗರಗರ ತಿರುಗಿಸಿ ಮೂರು ಸಲ ಹಿಂದಕ್ಕೆ ನೂಕಿತು. ನಾಲ್ಕನೆಯ ಸಲ ಮುಟ್ಟುವಷ್ಟರಲ್ಲಿ ಮಣ್ಣಿನ ಮನೆ ಕುಸಿದಿತ್ತು, ಅಜ್ಜ ಇರಲಿಲ್ಲ. ಯಲ್ಲಪ್ಪ ಅತ್ತುಕೊಂಡು ಹೇಳಿದ್ದನ್ನು ಊರೆಲ್ಲ ನಂಬಿತು. ಅಜ್ಜನ ಮಗ ಶಿವಪ್ಪನೂ ನಂಬಿದ.

ಎಡಿಟಿಂಗಿಗೆ ಕುಳಿತಾಗ, ಅಜ್ಜನ ಶಾಟ್ ಆದ ಮೇಲೆ ಏನಿಡಬೇಕೆಂದು ತೋಚಲಿಲ್ಲ. ಹನ್ನೆರಡು ದಿನದ ನಂತರ, ನೀರು ಇಳಿಯತೊಡಗಿದಾಗ ತೆಗೆದ ಒಂದು ‘ಕಟ್‌ಅವೇ’ ಇತ್ತು. ಮುಖ್ಯ ಘಟನೆಯಿಂದ ಕಣ್ಣನ್ನು ಒಂದು ಕ್ಷಣ ಬೇರೆಡೆ ಒಯ್ಯುವ ಶಾಟಿಗೆ ಹಾಗೆನ್ನುತ್ತಾರೆ. ಯಲ್ಲಪ್ಪ ಒಬ್ಬನೇ, ಖಾಲಿ ಹರಗೋಲಿನಲ್ಲಿ, ನಮಗೆ ಬೆನ್ನು ಮಾಡಿ ದೂರ ಹೋಗುತ್ತಾನೆ. ಒಂಬತ್ತು ಸೆಕೆಂಡು. ಸಾವಿನ ಪಕ್ಕ ಒಂದಿಷ್ಟು ಮೌನ ಇರಲೆಂದು ಅದನ್ನೇ ಜೋಡಿಸಿದೆ. ಧಾರವಾಡದಲ್ಲಿ ನೋಡಿದ ಗೆಳೆಯರು ಆ ಜಾಗಕ್ಕೇ ಭೇಷ್ ಎಂದರು.

ಊರಿನ ಶಾಲೆಯಲ್ಲಿ ಬಿಳಿ ಬಟ್ಟೆ ಕಟ್ಟಿ ತೋರಿಸಿದೆವು. ಮೊದಲಿಗೆ ನಗೆಯೋ ನಗೆ.

“ಏ ನಿಂಗವ್ವಾ, ನಿನಗಿಂತ ನಿನ್ನ ಎಮ್ಮಿನ ಚಲೋ ಕಾಣಾಕ್ಹತ್ತೈತಲ್ಲಬೇ!”

“ಕಾಣ್ಲಿ ಬಿಡೋ, ನಿನ್ನ ಮಾರಿ ಅಂತೂ ಅದರಷ್ಟೂ ಇಲ್ಲ!”

ಅಜ್ಜ ಕಂಡೊಡನೆ ಎಲ್ಲರೂ ಗಪ್ಪಾದರು. ಹಿಂದೆಯೇ ಆ ಒಂಬತ್ತು ಸೆಕೆಂಡು. ಶಿವಪ್ಪ ಎದ್ದು ನಿಂತ.

“ಲೇ ಯಲ್ಲ್ಯಾ, ನಮ್ಮಪ್ಪ ಧೋತ್ರ ಬೀಸಿ ಕರ್ಯಾಕ್ಹತ್ಯಾನ, ನೀ ಖಾಲಿ ಹರಗೋಲ ತಗೊಂಡು ಎತ್ತಾಗ ಹೊಂಟೀಯೋ?”

ಯಲ್ಲಪ್ಪ ಪರದೆಯನ್ನೇ ನೋಡುತ್ತ ನಿಂತ. ನಾನು ಚಿತ್ರ ನಿಲ್ಲಿಸಿ, ಅದು ಆ ದಿನದ್ದಲ್ಲ, ಯಲ್ಲಪ್ಪ ಅಜ್ಜನ ಕಡೆಗೆ ಹೋದದ್ದನ್ನು ನಾನೇ ನೋಡಿದ್ದೇನೆ ಎಂದೆ.

“ನಿಮ್ಮ ಮಾತ ನಂಬ್ಲ್ಯೋ ಸರ, ನಿಮ್ಮ ಸಿನಿಮಾ ನಂಬ್ಲ್ಯೋ?” ಎಂದ ಶಿವಪ್ಪ. “ಇದ್ದದ್ದ ಇದ್ದಂಗ ತೋರಸ್ತೀನಿ ಅಂದಾವ್ರು ನೀವ ಅಲ್ರಿ?”



ಮರುದಿನ ಲ್ಯಾಪ್‌ಟಾಪ್ ಒಯ್ದು ಮೂಲ ಚಿತ್ರಿಕೆಗಳನ್ನು ಶಿವಪ್ಪನಿಗೆ ತೋರಿಸಿದೆ. ಪ್ರತಿಯೊಂದಕ್ಕೂ ತಾರೀಖು, ವೇಳೆ ಇರುತ್ತವೆ. ಅವನು ಎಲ್ಲವನ್ನೂ ಓದಿದ.

“ತಿಳೀತ್ರಿ. ಆದ್ರ ಕಣ್ಣ ಮುಚ್ಚಿದ್ರ ಸಾಕು, ನನಗ ಅದ ಬರತೈತಿ.”

ಶಿವಪ್ಪ ಯಲ್ಲಪ್ಪನೊಡನೆ ಮಾತು ಬಿಟ್ಟ. ಕೆಲವು ಮನೆಯವರು ಅವನ ಹರಗೋಲು ಹತ್ತುವುದನ್ನೂ ಬಿಟ್ಟರು.

ಆ ಶಾಟ್ ಕಿತ್ತು, ಕಪ್ಪು ಪರದೆಯಿಟ್ಟು, ಕಂಡದ್ದನ್ನು ನನ್ನ ದನಿಯಲ್ಲೇ ಹೇಳಿದೆ. ಶೈಲಿ ಕೆಟ್ಟಿತು; ಕೆಡಲಿ. ಹೊಸ ಪ್ರತಿ ಹಿಡಿದು ಯಲ್ಲಪ್ಪನ ಮನೆಗೆ ಹೋದೆ.

“ತೋರಸಬ್ಯಾಡ್ರಿ,” ಎಂದ. “ಒಂದ ಹೇಳ್ರಿ ಸರ. ನಾ ಖರೇನ ಅಜ್ಜನ ಕಡೆ ಹೋಗಿದ್ದೆ ಹೌದಲ್ರಿ?”

“ಹೋಗಿದ್ದಿ, ಯಲ್ಲಪ್ಪಾ. ನಾಲ್ಕ ಸಲ.”

“ಅದನ್ನ ನೋಡಿದಾಗಿಂದ, ಆ ದಿನ ನೆನೆಸಿದ್ರ ನನಗ ಅಜ್ಜ ಕಾಣವಲ್ಲರಿ. ನನ್ನ ಬೆನ್ನ ಕಾಣತೈತಿ.”

ಎರಡು ಶಾಟುಗಳೂ ನಿಜವಾಗಿದ್ದು, ಅವುಗಳ ನೆರೆಹೊರೆ ಸುಳ್ಳಾಗಬಹುದು. ಕಸುಬು ನನಗೆ ಕಲಿಸಿದ್ದು ಇಷ್ಟು. ಈಗ ಯಾವ ಚಿತ್ರವನ್ನೂ ಅದರಲ್ಲಿರುವವರು ನೋಡಿ ಒಪ್ಪುವ ತನಕ ಹೊರಗೆ ಬಿಡುವುದಿಲ್ಲ. ಆದರೆ ಆ ಬುದ್ಧಿ ಬರಲಿಕ್ಕೆ ಯಲ್ಲಪ್ಪನ ನೆನಪು ಖರ್ಚಾಯಿತು. ಇಂದಿಗೂ ಅವನು ಆಗಾಗ ಫೋನ್ ಮಾಡುತ್ತಾನೆ. ಮಳೆ, ಬೆಳೆ, ಮಕ್ಕಳು ಎಲ್ಲ ವಿಚಾರಿಸಿ, ಇಡುವ ಮೊದಲು ಅದೇ ಪ್ರಶ್ನೆ ಕೇಳುತ್ತಾನೆ. ನಾನು ಆ ನಾಲ್ಕು ಸಲವನ್ನೂ ಒಂದೊಂದಾಗಿ ಎಣಿಸಿ ಹೇಳುತ್ತೇನೆ.